ಪಟ್ಟಿಯಮ್ಮನ ಏಳೂವರೆ

ಟಿವಿಯಲ್ಲಿ "ಮುಂದಿನ ಕಾರ್ಯಕ್ರಮ..." ಎಂದು ನಗುನಗುತ್ತಾ ಹೇಳುವ ಹೆಂಗಸೊಬ್ಬಳು ಇರುತ್ತಿದ್ದಳಲ್ಲ, ಅವಳು ನಾನೇ. ಹದಿನಾರು ವರ್ಷ ಅದನ್ನೇ ಹೇಳಿದ್ದೇನೆ. ನನ್ನ ದನಿ ಜೇನಿನಂತಿದೆ ಎಂದು ಜನ ಕಾಗದ ಬರೆಯುತ್ತಿದ್ದರು. ಮನೆಯಲ್ಲಿ ಅದೇ ದನಿ ಎದ್ದರೆ ಮಕ್ಕಳು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದರು. ಇರಲಿ, ಇದು ನನ್ನ ಕತೆಯಲ್ಲ. ನಾನು ಯಾವ ಹೊತ್ತಿಗೆ ಏನು ಹೇಳಬೇಕೆಂದು ಹಸಿರು ಶಾಯಿಯಲ್ಲಿ ಬರೆದುಕೊಡುತ್ತಿದ್ದವಳ ಕತೆ. ಅವಳ ಮುಖ ಒಂದು ಸಲವೂ ಟಿವಿಯಲ್ಲಿ ಬಂದಿಲ್ಲ. ಬಂದಿದ್ದರೆ ನೋಡುವವರು ಚಾನೆಲ್ ಬದಲಾಯಿಸುತ್ತಿದ್ದರೋ ಏನೋ, ಅಷ್ಟು ಗಂಟುಮೋರೆ.

ಕಚೇರಿಯಲ್ಲಿ ಎಲ್ಲರೂ ಅವಳನ್ನು ಪಟ್ಟಿಯಮ್ಮ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ದಿನದ ಕಾರ್ಯಕ್ರಮಗಳ ಪಟ್ಟಿ ಬರೆಯುವುದು ಅವಳ ಕೆಲಸ. ಮೇಜಿನ ತುಂಬ ಹಾಸುವಷ್ಟು ದೊಡ್ಡ ಹಾಳೆ, ಅದರಲ್ಲಿ ನಿಮಿಷ ನಿಮಿಷಕ್ಕೂ ಒಂದೊಂದು ಗೆರೆ. ಆಗಿನ್ನೂ ಟೇಪಿನ ಕಾಲ. ಅವಳು ಪಟ್ಟಿಯಲ್ಲಿ ಹಸಿರು ಶಾಯಿಯಲ್ಲಿ ಏನು ಬರೆದಳೋ ಅದನ್ನು ನಾನು ಓದುತ್ತಿದ್ದೆ, ಕಂಟ್ರೋಲ್ ರೂಮಿನ ಎಂಜಿನಿಯರು ಅದರ ಟೇಪು ಹಾಕುತ್ತಿದ್ದರು. ನಡುವೆ ಯಾರೂ ಬಾಯಿ ಹಾಕುವಂತಿರಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮಾರನೆಯ ದಿನದ ಪಟ್ಟಿ ಮುಚ್ಚಿ, ಸಾಹೇಬರ ರುಜು ಬಿದ್ದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು.

ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ನನ್ನನ್ನು ಕೇಳಿದ್ದು ಊರು ಯಾವುದು, ಓದಿದ್ದೇನು ಎಂದಲ್ಲ.

"ನಿಮ್ಮನೇಲಿ ಪಾತ್ರೆ ತೊಳೆಯೋದು ಊಟ ಆದ ತಕ್ಷಣಾನೋ, ಆಮೇಲೋ?"

ನಾನು ಕಕ್ಕಾಬಿಕ್ಕಿಯಾಗಿ, "ಆಮೇಲೆ," ಎಂದೆ.

"ಎಷ್ಟು ಆಮೇಲೆ?"

ಎಲ್ಲರನ್ನೂ ಹೀಗೇ ಕೇಳುತ್ತಿದ್ದಳು. ಬಸ್ ಕಂಡಕ್ಟರನ್ನು, ಆಸ್ಪತ್ರೆಯ ಆಯಾಳನ್ನು, ಬಟ್ಟೆ ಹೊಲಿಯುವವನನ್ನು. ಅವಳ ಬೀದಿಗೆ ಹೊಸದಾಗಿ ಬಂದ ಸಂಸಾರವೊಂದು ಇವಳು ಮನೆಗೆಲಸ ಹುಡುಕುತ್ತಿದ್ದಾಳೆಂದು ತಿಳಿದು ನಾಳೆಯಿಂದಲೇ ಬರಲು ಹೇಳಿತ್ತಂತೆ. ಅವಳು ಅದಕ್ಕೂ ಬೇಸರಪಡಲಿಲ್ಲ; ಹೋಗಿ ಅವರ ಮನೆಯಲ್ಲಿ ಟಿವಿ ಯಾವ ಕೋಣೆಯಲ್ಲಿದೆ ಎಂದು ನೋಡಿಕೊಂಡು ಬಂದಳು.

ಸಂಜೆ ಮನೆಗೆ ಹೋಗುವಾಗ ಒಂದು ಸ್ಟಾಪು ಮುಂಚೆಯೇ ಇಳಿಯುತ್ತಿದ್ದಳು, ದಿನಕ್ಕೊಂದು ಬೀದಿ. ಕಿಟಕಿಗಳನ್ನು ನೋಡಿಕೊಂಡು ನಡೆಯುವುದು. ಯಾವ ಮನೆಯಲ್ಲಿ ಅಡುಗೆಮನೆಯ ದೀಪ ಆರಿತು, ಯಾವ ಮನೆಯ ಮುಂಗೋಣೆಯಲ್ಲಿ ಟಿವಿಯ ನೀಲಿ ಬೆಳಕು ಹತ್ತಿತು, ಎಲ್ಲವೂ ಅವಳ ತಲೆಯಲ್ಲಿ ದಾಖಲಾಗುತ್ತಿತ್ತು. ನಾನೊಮ್ಮೆ ಅವಳ ಜೊತೆ ನಡೆದು, ಚಪ್ಪಲಿ ಕಿತ್ತು, ಬೈದುಕೊಂಡು ಕೇಳಿದೆ.

"ಏನ್ ಅಕ್ಕ ಇದು, ಕಳ್ಳರ ಥರ ಕಂಡೋರ ಕಿಟಕಿ ನೋಡ್ಕೊಂಡು?"

"ಒಳ್ಳೇ ಕಾರ್ಯಕ್ರಮ, ಕೆಟ್ಟ ಕಾರ್ಯಕ್ರಮ ಅನ್ನೋದೆಲ್ಲ ಆಮೇಲೆ ಕಣೇ. ಮೊದಲು ನೋಡೋರ ಕೈ ಖಾಲಿ ಇರ್ಬೇಕು. ಒಲೆ ಮುಂದೆ ನಿಂತೋಳಿಗೆ ನೀನು ಸ್ವರ್ಗಾನೇ ತೋರಿಸು, ಅವಳಿಗೆ ಕಾಣೋದು ಉಕ್ಕೋ ಹಾಲು."

ಇಷ್ಟೇ ಅವಳ ಶಾಸ್ತ್ರ. ಇದಕ್ಕೆ ದೊಡ್ಡ ದೊಡ್ಡ ಓದು ಓದಿದವರು ದೊಡ್ಡ ದೊಡ್ಡ ಹೆಸರು ಇಟ್ಟಿದ್ದಾರೆ. ಅವಳು ಅದನ್ನು ಕಲಿತದ್ದು ತನ್ನ ಮನೆಯಲ್ಲಿ.

ಅವಳ ಮನೆ ಎಂದರೆ ಬೀಗ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಗಂಡ ಬೇಕರಿಯಲ್ಲಿ ಒಲೆಯ ಕೆಲಸದವರು. ಊರು ಏಳುವ ಮುಂಚೆ ಬ್ರೆಡ್ಡು ಬೇಯಬೇಕಾದ್ದರಿಂದ ಎರಡು ಗಂಟೆಗೆಲ್ಲ ಮನೆ ಬಿಡುತ್ತಿದ್ದರು. ಹಾಗಾಗಿ ಸಂಜೆ ಎಂಟು ಹೊಡೆದರೆ ಅವರಿಗೆ ನಿದ್ದೆ. ಅತ್ತೆ ಬಟ್ಟೆ ಅಂಗಡಿಯೊಂದಕ್ಕೆ ಗುಂಡಿ ಹೊಲಿದುಕೊಡುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಏಳೂಕಾಲಿಗೆ ಸೂಜಿ ಕೆಳಗಿಡುತ್ತಿದ್ದರು. ಮಗಳು ಟೈಪಿಂಗ್ ಕ್ಲಾಸು ಮುಗಿಸಿ ಬರುವುದೂ ಆಗಲೇ. ಲೆಕ್ಕ ಹಾಕಿ ನೋಡಿ: ನಾಲ್ಕು ಜನ ಎಚ್ಚರವಾಗಿ, ಕೈ ಖಾಲಿಯಾಗಿ, ಒಂದೇ ಕೋಣೆಯಲ್ಲಿ ಇರಲು ಆ ಮನೆಗೆ ಸಿಗುತ್ತಿದ್ದದ್ದು ಏಳೂವರೆಯಿಂದ ಎಂಟರವರೆಗಿನ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವರು ಜಗಳವನ್ನೂ ಆಡುತ್ತಿರಲಿಲ್ಲ.

ಆ ಅರ್ಧ ಗಂಟೆಗೆ ಅವಳು ತಂದು ಕೂರಿಸಿದ್ದೇ 'ಲಿಫ್ಟ್ ಕೆಟ್ಟಿದೆ'.

ಅದು ನಮ್ಮ ಚಾನೆಲ್ಲಿನ ಧಾರಾವಾಹಿ. ಮೊದಲು ಅದಕ್ಕೆ ಅಪ್ಪ ಅಮ್ಮ ಯಾರೂ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ, ಊರೆಲ್ಲ ಕೆಲಸದಲ್ಲಿರುವಾಗ, ಗೋಡೆ ನೋಡಿಕೊಂಡು ಓಡುತ್ತಿತ್ತು. ಆರು ಮಹಡಿಯ ಕಟ್ಟಡ, ಮೊದಲ ಕಂತಿನಲ್ಲೇ ಲಿಫ್ಟ್ ಕೆಟ್ಟು ನಿಂತಿದೆ, ರಿಪೇರಿಯವನು ಬರುವುದೇ ಇಲ್ಲ. ಹಾಗಾಗಿ ಎಲ್ಲರೂ ಮೆಟ್ಟಿಲ ಮೇಲೆ ಸಿಗುತ್ತಾರೆ, ಜಗಳವಾಡುತ್ತಾರೆ, ಒಬ್ಬರ ಚೀಲ ಒಬ್ಬರು ಹೊರುತ್ತಾರೆ. ಆರನೇ ಮಹಡಿಯಲ್ಲಿ ಮಂಡಿನೋವಿನ ಅಜ್ಜಿ. ಲಿಫ್ಟ್ ಕೆಟ್ಟಂದಿನಿಂದ ಕೆಳಗಿಳಿದಿಲ್ಲ. ಹಗ್ಗಕ್ಕೆ ಬುಟ್ಟಿ ಕಟ್ಟಿ ಕಿಟಕಿಯಿಂದ ಇಳಿಬಿಟ್ಟು, ಅಲ್ಲಿಂದಲೇ ಇಡೀ ಬೀದಿಯನ್ನು ಗದರಿಸಿಕೊಂಡು ಬದುಕುತ್ತಾಳೆ. ಅಷ್ಟೇ ಕತೆ. ಪಟ್ಟಿಯಮ್ಮ ಹಳೆಯ ಸಾಹೇಬರ ಬೆನ್ನು ಬಿದ್ದು, ಕಾಡಿ ಬೇಡಿ, ಅದನ್ನು ಏಳೂವರೆಗೆ ತಂದಳು. ಎರಡೇ ತಿಂಗಳಲ್ಲಿ ಅಜ್ಜಿ ಊರಿಗೆಲ್ಲ ಅಜ್ಜಿಯಾದಳು. ಏಳೂವರೆಗೆ ಬಸ್ಸುಗಳು ಖಾಲಿ ಓಡುತ್ತವೆ ಎಂದು ಕಂಡಕ್ಟರೇ ನನಗೆ ದೂರಿದ್ದ.

ನಾನು ಒಂದು ಸಲ ಅವಳ ಮನೆಯಲ್ಲಿ ಕೂತು ನೋಡಿದ್ದೇನೆ. ಗಂಡ ಬೀರುವಿಗೆ ಒರಗಿ ನೆಲದ ಮೇಲೆ ಕೂತಿದ್ದರು, ಕಿವಿಯ ಹಿಂದೆ ಇನ್ನೂ ಹಿಟ್ಟು. ಮಾತು ಕಡಿಮೆ ಮನುಷ್ಯ. ಕಂತು ಮುಗಿದ ಮೇಲೆ ಎದ್ದು, "ಅಜ್ಜಿ ಇವತ್ತೂ ಇಳೀಲಿಲ್ಲ," ಎಂದರು.

"ಇಳೀತಾಳೆ ಸುಮ್ನಿರೋ. ಮಂಡಿನೋವು ಅಂದ್ರೆ ನಿಂಗೇನ್ ಗೊತ್ತು?" ಎಂದು ಅತ್ತೆ ಅಜ್ಜಿಯ ಪರ ವಹಿಸಿದರು.

"ಇಳಿಯೋ ದಿನ ನಾನು ನೋಡ್ಬೇಕು. ಅಷ್ಟೇ," ಎಂದು ಅವರು ಹಾಸಿಗೆ ಬಿಡಿಸಿದರು. ಗಡಿಯಾರ ಎಂಟು ಹೊಡೆಯಿತು.

ಇಂಥ ಹೊತ್ತಿನಲ್ಲಿ ನಮಗೆ ಹೊಸ ಸಾಹೇಬರು ಬಂದರು. ಸೋಪು ಮಾರುವ ಕಂಪನಿಯಿಂದ ಬಂದವರು. ಕೆಟ್ಟವರೇನಲ್ಲ, ಎಲ್ಲರಿಗೂ ಮೊದಲು ನಮಸ್ಕಾರ ಹೇಳುತ್ತಿದ್ದರು. ಆದರೆ ಗೊತ್ತಿಲ್ಲದ ಕೆಲಸದಲ್ಲಿ ಇಷ್ಟು ಧೈರ್ಯ ಇರುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರು ಬಂದ ಮೊದಲ ವಾರವೇ ಪಟ್ಟಿಯಮ್ಮ ಪಟ್ಟಿಯ ನಿಯಮಗಳನ್ನು ಎರಡು ಪುಟದಲ್ಲಿ ಬರೆದುಕೊಟ್ಟಳು. ಅವರು ಅದರ ಮೇಲೆ ಟೀ ಲೋಟ ಇಟ್ಟುಕೊಂಡರು.

ಸಾಹೇಬರಿಗೆ ಏಳೂವರೆ ಬೇಕಿತ್ತು. ತಾವೇ ಯೋಚಿಸಿ ತಂದ ಹಾಡಿನ ಸ್ಪರ್ಧೆಯೊಂದನ್ನು ಅಲ್ಲಿ ಕೂರಿಸಿದರು. 'ಲಿಫ್ಟ್ ಕೆಟ್ಟಿದೆ' ಆರು ಹತ್ತಕ್ಕೆ ಹೋಯಿತು. ಆರು ಹತ್ತಕ್ಕೆ ಊರಿನ ಅರ್ಧ ಜನ ಬಸ್ಸಿನಲ್ಲಿ ಜೋತುಬಿದ್ದಿರುತ್ತಾರೆ, ಇನ್ನರ್ಧ ಜನ ಒಲೆಯ ಮುಂದೆ. ನೋಡುವವರು ಕಡಿಮೆಯಾದರು. "ನೋಡಿ, ಇಳೀತಾ ಇದೆ," ಎಂದು ಸಾಹೇಬರು ಅದನ್ನು ರಾತ್ರಿ ಹತ್ತೂಕಾಲಿಗೆ ತಳ್ಳಿದರು. ಅಲ್ಲಿ ಇನ್ನಷ್ಟು ಕಡಿಮೆಯಾದರು. ಆಮೇಲೆ ವಾರಕ್ಕೆ ಐದು ದಿನ ಇದ್ದದ್ದು ಮೂರಾಯಿತು. ಯಾವ ಮೂರು ಎಂದು ನನಗೇ ಪಟ್ಟಿ ನೋಡದೆ ಗೊತ್ತಾಗುತ್ತಿರಲಿಲ್ಲ. ಪರದೆಯ ಮೇಲೆ ನಗುತ್ತಾ ನಾನು ಹೊಸ ಹೊಸ ವೇಳೆ ಹೇಳುವುದು, ಜನ ನನಗೇ ಶಾಪ ಹಾಕಿ ಕಾಗದ ಬರೆಯುವುದು. ಜೇನು ಎಂದವರೇ ಬೇವು ಎಂದರು.

ತಿಂಗಳ ಸಭೆಯಲ್ಲಿ ಸಾಹೇಬರು ರೇಟಿಂಗ್ ಹಾಳೆ ಎತ್ತಿ ಹಿಡಿದರು. ಎಷ್ಟು ಮನೆಯವರು ಯಾವ ಕಾರ್ಯಕ್ರಮ ನೋಡಿದರು ಎಂಬ ಅಂಕಿಗಳ ಹಾಳೆ ಅದು.

"ನೋಡಿದ್ರಾ? ಜನಕ್ಕೆ ಬೇಡವಾಗಿದೆ. ನಿಲ್ಲಿಸ್ಬಿಡೋಣ."

ಹದಿನೆಂಟು ಜನ ಕೂತಿದ್ದೆವು. ನಾನೂ ಸೇರಿ ಹದಿನೇಳು ಜನ ಮೇಜು ನೋಡಿದೆವು. ಪಟ್ಟಿಯಮ್ಮ ಎದ್ದು ನಿಂತಳು.

"ಜನಕ್ಕೆ ಬೇಡವಾಗಿಲ್ಲ ಸರ್. ಸಿಗ್ತಾ ಇಲ್ಲ."

"ಇಷ್ಟ ಇದ್ರೆ ಹುಡುಕ್ಕೊಂಡು ಬರ್ತಾರಮ್ಮ."

"ಬೆಳಿಗ್ಗೆಯಿಂದ ನಿಂತು ಕೆಲಸ ಮಾಡಿ ಬಂದೋರು ಸರ್. ಕಳೆದ ಚಪ್ಪಲಿ ಹುಡುಕೋಕೂ ಬೇಜಾರು ಪಡ್ತಾರೆ. ನಿಮ್ಮ ಧಾರಾವಾಹಿ ಹುಡುಕ್ತಾರಾ? ಅಂಗಡೀನ ದಿನಕ್ಕೊಂದು ಬೀದೀಲಿಟ್ಟು ಗಿರಾಕಿ ಬರಲಿಲ್ಲ ಅಂದ್ರೆ ಹೇಗೆ?"

ಯಾರೋ ಕಿಸಕ್ಕೆಂದರು. ಸಾಹೇಬರ ಕಿವಿ ಕೆಂಪಾಯಿತು. ಯಾವನೋ ಪುಣ್ಯಾತ್ಮ ಅವರಿಗೆ ಮೊದಲೇ ಊದಿಟ್ಟಿದ್ದ ಎಂದು ಕಾಣುತ್ತದೆ.

"ನಿಮ್ಮ ಯಜಮಾನರಿಗೆ ಎಂಟಕ್ಕೆ ಮಲಗ್ಬೇಕಂತೆ. ಅದಕ್ಕೇ ತಾನೇ ಇಷ್ಟೆಲ್ಲ?"

ನನಗೆ ಎದ್ದು ಆ ಹಾಳೆಯನ್ನು ಅವರ ಮುಖಕ್ಕೆ ಎಸೆಯಬೇಕೆನ್ನಿಸಿತು, ಎಸೆಯಲಿಲ್ಲ. ಪಟ್ಟಿಯಮ್ಮ ಮಾತ್ರ ತಡವರಿಸಲಿಲ್ಲ.

"ಹೌದು ಸರ್. ಅದಕ್ಕೇ. ನಮ್ಮನೆಯವರಿಗೆ ನೋಡೋಕಾಗಲ್ಲ ಅಂತಾನೇ. ನಮ್ಮನೆಯಂಥ ಮನೆಗಳನ್ನೆಲ್ಲ ಕೂಡಿಸಿದ್ರೆ ಬರೋದೇ ನಿಮ್ಮ ಕೈಲಿರೋ ಆ ಅಂಕಿ."

ಸಾಹೇಬರು ನೀರು ಕುಡಿದು ಮುಂದಿನ ವಿಷಯ ಎತ್ತಿಕೊಂಡರು. ಮಾರನೆಯ ದಿನವೇ ಧಾರಾವಾಹಿ ನಿಲ್ಲಿಸುವ ಆದೇಶ ಬಂತು. ಕತೆ ಬರೆಯುವವರು ಅಳುತ್ತಲೇ ಕೊನೆಯ ಕಂತು ಬರೆದರು. ಆರನೇ ಮಹಡಿಯ ಅಜ್ಜಿ ಇಳಿಯುವ ಕಂತು. ಚಿತ್ರೀಕರಣದ ದಿನ ಅಜ್ಜಿಯ ಪಾತ್ರದವರು ಒಂದೊಂದು ಮೆಟ್ಟಿಲು ಇಳಿದಾಗಲೂ ಕ್ಯಾಮೆರಾ ಹಿಡಿದವನ ಕಣ್ಣು ಒದ್ದೆಯಾಗಿತ್ತಂತೆ. ಆ ಟೇಪು ಬಂದು ಪಟ್ಟಿಯಮ್ಮನ ಮೇಜಿನ ಮೇಲೆ ಕೂತಿತು. ಅದರ ಹಿಂದೆಯೇ ಸಾಹೇಬರ ಕೈಬರಹದ ಚೀಟಿ ಬಂತು: "ಲಿಫ್ಟ್ ಕೆಟ್ಟಿದೆ, ಕೊನೆಯ ಕಂತು. ಶುಕ್ರವಾರ, 00:30." ಕೆಳಗೆ ದಪ್ಪನೆಯ ರುಜು.

ರಾತ್ರಿ ಹನ್ನೆರಡೂವರೆ! ಇಷ್ಟು ವರ್ಷ ಕಾದವರ ಕಣ್ಣಿಗೆ ಮಣ್ಣು ಹಾಕಿ, ಕದ್ದು ಹೂತುಬಿಡುವ ಯೋಚನೆ. ನಾನು ಅಕ್ಕನ ಮುಖ ನೋಡಿದೆ. ಅವಳು ಚೀಟಿಯನ್ನು ನೋಡುತ್ತಾ ಫೋನಿಗೆ ಕೈ ಹಾಕಿದಳು, ಎತ್ತಿದಳು, ಮತ್ತೆ ಮೆಲ್ಲಗೆ ಕೆಳಗಿಟ್ಟಳು.

ಆ ಫೋನನ್ನು ಕೆಳಗಿಟ್ಟದ್ದು ಎಷ್ಟು ದೊಡ್ಡ ಸಂಗತಿ ಎಂದು ತಿಳಿಯಬೇಕಾದರೆ ನಮ್ಮ ಪಟ್ಟಿಯ ಒಂದು ವಿಚಿತ್ರ ಹೇಳಬೇಕು. ನಮ್ಮಲ್ಲಿ ದಿನ ಶುರುವಾಗುವುದು ಬೆಳಗಿನ ಐದೂವರೆಗೆ, ಮುಗಿಯುವುದು ಮಾರನೆಯ ಬೆಳಗಿನ ಐದೂವರೆಗೆ. ಹಾಗಾಗಿ ರಾತ್ರಿ ಹನ್ನೆರಡಾದ ಮೇಲೂ ನಾವು ಅದೇ ದಿನದ ಗಂಟೆ ಎಣಿಸುತ್ತಲೇ ಹೋಗುತ್ತೇವೆ: ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು, ಹೀಗೆ ಇಪ್ಪತ್ತೊಂಬತ್ತರವರೆಗೆ. ಹನ್ನೆರಡೂವರೆ ಎಂದರೆ ನಮ್ಮ ಪಟ್ಟಿಯಲ್ಲಿ 24:30. 00:30 ಎಂಬ ಗಂಟೆಯೇ ನಮ್ಮಲ್ಲಿ ಇಲ್ಲ. ಯಾಕೆಂದರೆ ಶುಕ್ರವಾರ 00:30 ಎಂದು ಬರೆದರೆ ಅದು ಗುರುವಾರ ಮಲಗುವ ರಾತ್ರಿಯೋ ಶುಕ್ರವಾರ ಮಲಗುವ ರಾತ್ರಿಯೋ ಯಾರಿಗೆ ಗೊತ್ತು? ಚಾನೆಲ್ ಶುರುವಾದ ಹೊಸದರಲ್ಲಿ ಇದೇ ಗೊಂದಲದಿಂದ ಒಂದು ಕೊಲೆಯ ಚಿತ್ರದ ಎರಡನೇ ಭಾಗ ಮೊದಲ ಭಾಗಕ್ಕಿಂತ ಒಂದು ದಿನ ಮುಂಚೆ ಹೋಗಿ, ಕೊಲೆಗಾರ ಯಾರೆಂದು ಎಲ್ಲರಿಗೂ ಗೊತ್ತಾದ ಮೇಲೆ ಕೊಲೆ ನಡೆದಿತ್ತು. ಅವತ್ತಿನ ಸಾಹೇಬರು ಸಿಟ್ಟಿನಲ್ಲಿ ಒಂದು ನಿಯಮ ಮಾಡಿ ಹೋದರು: ಆದೇಶದಲ್ಲಿ ಪಟ್ಟಿಯಲ್ಲಿಲ್ಲದ ಗಂಟೆ ಇದ್ದರೆ, ಗಂಟೆಯನ್ನೇ ಬರೆದಿಲ್ಲವೆಂದು ತಿಳಿಯತಕ್ಕದ್ದು, ಆ ದಿನದ ಸೂಕ್ತ ಖಾಲಿ ಜಾಗದಲ್ಲಿ ಪಟ್ಟಿ ವಿಭಾಗವೇ ಕಾರ್ಯಕ್ರಮವನ್ನು ಇಡತಕ್ಕದ್ದು, ಮರುಪ್ರಸಾರದ ಜಾಗ ಖಾಲಿ ಜಾಗವೆಂದೇ ಲೆಕ್ಕ.

ಈ ನಿಯಮವನ್ನು ಯಾರೂ ಎಂದೂ ಬಳಸಿರಲಿಲ್ಲ. ಯಾಕೆಂದರೆ ಹೊಸದಾಗಿ ಬಂದ ಸಾಹೇಬರುಗಳೆಲ್ಲ ಇದೇ ತಪ್ಪು ಮಾಡಿದಾಗಲೂ ಪಟ್ಟಿಯಮ್ಮ ಫೋನು ಎತ್ತಿ, "ಸರ್, ಇಪ್ಪತ್ನಾಲ್ಕು ಮೂವತ್ತು ಅಲ್ವಾ?" ಎನ್ನುತ್ತಿದ್ದಳು, ಆ ಕಡೆಯಿಂದ "ಹೂಂ ಹೂಂ" ಬರುತ್ತಿತ್ತು, ಅವಳು ತಿದ್ದುತ್ತಿದ್ದಳು. ಇಪ್ಪತ್ತೆರಡು ವರ್ಷ ಎಲ್ಲರ ತಪ್ಪನ್ನೂ ಸದ್ದಿಲ್ಲದೆ ತಿದ್ದಿದ ಕೈ. ಈ ಸಾಹೇಬರಿಗೂ ಮೂರು ಸಲ ತಿದ್ದಿ ಹೇಳಿದ್ದಳು.

"ಯಾಕೆ ಅಕ್ಕ, ಫೋನು?" ಎಂದೆ.

ಅವಳು ಕೆಳಗಿನ ಖಾನೆಯಿಂದ ನಿಯಮಗಳ ಹಳೆಯ ಫೈಲು ತೆಗೆದು ಧೂಳು ಕೊಡವಿದಳು. ಆಮೇಲೆ ಶುಕ್ರವಾರದ ಪಟ್ಟಿಯ ಮೇಲೆ ಬೆರಳಾಡಿಸಿ ಏಳೂವರೆಯ ಮೇಲೆ ನಿಲ್ಲಿಸಿದಳು. ಹಾಡಿನ ಸ್ಪರ್ಧೆಗೆ ಎರಡು ಸುತ್ತುಗಳ ನಡುವೆ ಒಂದು ವಾರದ ಬಿಡುವು. ಅಲ್ಲಿ ಹಳೆಯ ಹಾಡುಗಳ ತುಣುಕುಗಳನ್ನು ಮತ್ತೆ ತೋರಿಸುವುದಿತ್ತು. ಎಂದರೆ ಮರುಪ್ರಸಾರ.

ನಾನು ಪಟ್ಟಿಯ ಮೇಲೆ ಕೈ ಅಡ್ಡ ಇಟ್ಟೆ. "ಬೇಡ ಅಕ್ಕ. ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ಏಳೂವರೆಗೆ ಮನೇಲಿರ್ತೀನಿ, ಅಷ್ಟೇ ತಾನೇ?"

"ತಪ್ಪು ಅಂತ ಗೊತ್ತಿದ್ದೂ ತಿದ್ದಲಿಲ್ಲ ಅಂತಾರೆ."

"ಅನ್ನಲಿ. ತಿದ್ದೋದು ನನ್ನ ಒಳ್ಳೇತನ ಕಣೇ, ನನ್ನ ಕೆಲಸ ಅಲ್ಲ. ಇಪ್ಪತ್ತೆರಡು ವರ್ಷ ಪುಗಸಟ್ಟೆ ಕೊಟ್ಟಿದ್ದೀನಿ. ಇವತ್ತು ಕೊಡಲ್ಲ."

ಹಸಿರು ಪೆನ್ನಿನ ಮುಚ್ಚಳ ತೆಗೆದು, ಏಳೂವರೆಯ ಗೆರೆಯ ಮೇಲೆ ಬರೆದಳು: 'ಲಿಫ್ಟ್ ಕೆಟ್ಟಿದೆ', ಕೊನೆಯ ಕಂತು. ಪಕ್ಕದಲ್ಲಿ ನಿಯಮದ ಸಂಖ್ಯೆ. ಪಟ್ಟಿ ನಾಲ್ಕಕ್ಕೆ ಸಾಹೇಬರ ಮೇಜಿಗೆ ಹೋಯಿತು. ಓದದೆ ರುಜು ಹಾಕುವುದು ಅವರ ಪದ್ಧತಿ, ಹಾಕಿದರು. ನಾಲ್ಕೂ ಹತ್ತಕ್ಕೆ ಅದು ವಾಪಸು ಬಂತು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಪಟ್ಟಿಯನ್ನು ನನ್ನತ್ತ ಸರಿಸಿದಳು. ಪಟ್ಟಿಯಲ್ಲಿ ಬರೆದರೆ ಸಾಲದು, ಜನರಿಗೆ ಗೊತ್ತಾಗಬೇಕಲ್ಲ. ನಾಳೆಯ ಕಾರ್ಯಕ್ರಮಗಳಲ್ಲಿ ಯಾವುದನ್ನು ಎಷ್ಟು ಸಲ ಹೇಳಬೇಕೆನ್ನುವುದು ಮಾತ್ರ ಉದ್ಘೋಷಕಿಯ ಇಷ್ಟ. ಸಭೆಯಲ್ಲಿ ಮೇಜು ನೋಡಿಕೊಂಡು ಕೂತದ್ದು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಅವತ್ತು ಸಂಜೆಯಿಂದ ಮಾರನೆಯ ಸಂಜೆಯವರೆಗೆ ನಾನು ಅದನ್ನು ಹದಿನಾಲ್ಕು ಸಲ ಹೇಳಿದೆ. ಸುದ್ದಿಗೆ ಮುಂಚೆ, ಸುದ್ದಿಯ ನಂತರ, ಅಡುಗೆಯ ಕಾರ್ಯಕ್ರಮದ ನಡುವೆ. "ಶುಕ್ರವಾರ ಸಂಜೆ, ಏಳೂವರೆಗೆ, ಹಳೆಯ ಹೊತ್ತಿಗೆ, ಅಜ್ಜಿ ಕೆಳಗಿಳಿಯುತ್ತಾರೆ." ಹಳೆಯ ಹೊತ್ತಿಗೆ ಎನ್ನುವುದು ನಾನೇ ಸೇರಿಸಿದ್ದು. ಊರಿಗೆಲ್ಲ ಗೊತ್ತಾಯಿತು, ಸಾಹೇಬರೊಬ್ಬರಿಗೆ ಬಿಟ್ಟು. ಅವರು ನಮ್ಮ ಚಾನೆಲ್ ನೋಡುವವರೇ ಅಲ್ಲ.

ಶುಕ್ರವಾರ ಪಟ್ಟಿಯಮ್ಮ ಮನೆಗೆ ಹೋಗಲಿಲ್ಲ. "ಟೇಪು ಓಡೋ ತನಕ ನಂಬಲ್ಲ," ಎಂದು ಕಂಟ್ರೋಲ್ ರೂಮಿನ ಮೂಲೆಯ ಸ್ಟೂಲಿನ ಮೇಲೆ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಳು. ಆ ಅರ್ಧ ಗಂಟೆಯನ್ನು ಗಂಡನ ಪಕ್ಕ ಕೂತು ನೋಡಬೇಕಾದವಳು. ನಾನು ಗಾಜಿನ ಆಚೆ ನಗುತ್ತಾ ಘೋಷಣೆ ಮುಗಿಸಿ ಓಡಿ ಬಂದು ಅವಳ ಹಿಂದೆ ನಿಂತೆ. ಟೇಪು ಓಡಿತು. ಪರದೆಯ ಮೇಲೆ ಅಜ್ಜಿ ಬುಟ್ಟಿಯ ಹಗ್ಗ ಬಿಚ್ಚಿ ಸುತ್ತಿಟ್ಟು, ಚಪ್ಪಲಿ ಹುಡುಕಿದಳು.

ಏಳೂ ಮೂವತ್ತೊಂಬತ್ತಕ್ಕೆ ಸಾಹೇಬರು ಬಾಗಿಲು ದೂಡಿಕೊಂಡು ಒಳಬಂದರು. ಸ್ವಂತ ಹೆಂಡತಿಯೇ ಫೋನು ಮಾಡಿ, "ಅಂತೂ ಒಳ್ಳೇ ಬುದ್ಧಿ ಬಂತಲ್ಲ," ಎಂದಿದ್ದರಂತೆ.

"ಯಾರು ಹಾಕಿದ್ದು ಇದನ್ನ? ನಿಲ್ಲಿಸಿ!"

ಎಂಜಿನಿಯರು ಕುರ್ಚಿಯಿಂದ ಏಳಲಿಲ್ಲ. "ಪಟ್ಟೀಲಿದೆ ಸರ್. ನಿಮ್ಮ ರುಜು ಇದೆ. ನಡುವೆ ನಿಲ್ಲಿಸ್ಬೇಕು ಅಂದ್ರೆ ಬರೆದು ಕೊಡ್ಬೇಕು."

ಪಟ್ಟಿಯಮ್ಮ ಎದ್ದು, ಬಿಳಿಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಹಸಿರು ಪೆನ್ನನ್ನು ಮುಂದೆ ಚಾಚಿದಳು.

"ಬರೀರಿ ಸರ್. ಅಜ್ಜಿ ಮೂರನೇ ಮಹಡೀಲಿದ್ದಾಳೆ. ಅಲ್ಲೇ ನಿಲ್ಲಿಸಿ ಅಂತ ಬರೆದು ರುಜು ಹಾಕಿ. ಗಂಟೆ ಮಾತ್ರ ಸರಿಯಾಗಿ ಬರೀರಿ."

ಸಾಹೇಬರು ಪೆನ್ನು ತೆಗೆದುಕೊಂಡರು. ಆಚೆ ಕೋಣೆಯಲ್ಲಿ ಫೋನುಗಳು ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದವು. ಪರದೆಯಲ್ಲಿ ಎರಡನೇ ಮಹಡಿಯ ಜಗಳಗಂಟ ಬಾಗಿಲು ತೆರೆದು ಅಜ್ಜಿಗೆ ತೋಳು ಕೊಟ್ಟ. ಅವಳು ಬೇಡವೆಂದು ಅವನ ಕೈಗೆ ಫಟ್ಟನೆ ಹೊಡೆದಳು. ಸಾಹೇಬರ ಕೈ ಹಾಳೆಯ ಮೇಲೆ ನಿಂತೇ ಇತ್ತು. ಕೊನೆಗೆ ಅಜ್ಜಿ ಬೀದಿಗೆ ಕಾಲಿಟ್ಟು, ತಲೆಯೆತ್ತಿ ತನ್ನದೇ ಕಿಟಕಿಯನ್ನು ನೋಡಿ, "ಅಯ್ಯೋ, ಇಷ್ಟೇ ಎತ್ತರವಾ!" ಎಂದಾಗ ಎಂಜಿನಿಯರು ಮೂಗು ಒರೆಸಿಕೊಂಡರು. ಸಾಹೇಬರು ಪೆನ್ನನ್ನು ಕೆಳಗಿಟ್ಟು ಹೊರಟುಹೋದರು. ಹಾಳೆ ಬಿಳಿಯಾಗೇ ಉಳಿಯಿತು.

ಎಂಟು ಹೊಡೆಯುವಾಗ ಅವಳು ಮನೆಗೆ ಫೋನು ಮಾಡಿದಳು. ಆ ಕಡೆಯಿಂದ ಗಂಡನ ದನಿ ನನಗೂ ಕೇಳಿಸಿತು: "ಇಳಿದಳು ಕಣೇ." ಅಷ್ಟೇ. ಅವಳು "ಹೂಂ," ಎಂದು ಫೋನಿಟ್ಟಳು. ಆ ಗಂಟುಮೋರೆಯವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ವಾರ ರೇಟಿಂಗ್ ಬಂತು. ಚಾನೆಲ್ ಹುಟ್ಟಿದ ಮೇಲೆ ಯಾವ ಕಾರ್ಯಕ್ರಮಕ್ಕೂ ಬಾರದ ಅಂಕಿ. ಸಾಹೇಬರು ಅವಳನ್ನು ಕರೆಸಿ, ಬಾಗಿಲು ಮುಚ್ಚಿ, ಸಿಹಿಯಾಗಿ ಮಾತನಾಡಿದರಂತೆ. ಇದೆಲ್ಲ ತಾವೇ ಯೋಚಿಸಿ ಮಾಡಿದ್ದು, ಅಚ್ಚರಿಯಾಗಲೆಂದು ಗುಟ್ಟಾಗಿಟ್ಟದ್ದು, ಹಾಗೆಂದು ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು. ಅವಳು ಹಾಳೆ ಕೇಳಿ ಪಡೆದು ಬರೆದುಕೊಟ್ಟಳು: "ಸಾಹೇಬರು 00:30 ಎಂದು ಬರೆದಿದ್ದರು. ನಮ್ಮಲ್ಲಿ ಆ ಗಂಟೆ ಇಲ್ಲ. ಜನರಿಗೆ ಬಿಡುವಿರುವ ಗಂಟೆಯಲ್ಲಿ ನಾನು ಇಟ್ಟೆ." ಕೆಳಗೆ ರುಜು, ತಾರೀಖು.

ಧಾರಾವಾಹಿಯ ಹೊಸ ಕಂತು ಮತ್ತೆ ಬರಲಿಲ್ಲ. ಸೆಟ್ಟು ಕಳಚಿ, ನಟರೆಲ್ಲ ಬೇರೆ ಕಡೆ ಹೋಗಿಯಾಗಿತ್ತು. ನಿಯಮದ ಪ್ರಕಾರವೇ ನಡೆದವಳನ್ನು ತೆಗೆದುಹಾಕುವಂತಿರಲಿಲ್ಲ. ಆದ್ದರಿಂದ ಸಾಹೇಬರು ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಧಾರಾವಾಹಿಗೆ ಏನು ಮಾಡಿದ್ದರೋ ಅವಳಿಗೂ ಅದನ್ನೇ ಮಾಡಿದರು: ಹೊತ್ತು ಬದಲಾಯಿಸಿದರು. ಇನ್ನು ಮೇಲೆ ಬೆಳಗಿನ ನಾಲ್ಕೂವರೆಗೆ ಬರಬೇಕು, ಬೆಳಗಿನ ಐದೂವರೆಯಿಂದ ಎಂಟರವರೆಗಿನ ಪಟ್ಟಿ ಮಾತ್ರ ಅವಳದು. ಆ ಹೊತ್ತಿನ ಮುಂದೆ ರೇಟಿಂಗ್ ಹಾಳೆಯಲ್ಲಿ ಅಂಕಿಯೇ ಇರುತ್ತಿರಲಿಲ್ಲ, ಒಂದು ಅಡ್ಡಗೆರೆ ಇರುತ್ತಿತ್ತು. ಹಾಗಾಗಿ ಆ ಪಟ್ಟಿಗೆ ಸಾಹೇಬರ ರುಜುವೂ ಬೇಕಿರಲಿಲ್ಲ, ಅವತ್ತಿನದನ್ನು ಅವತ್ತು ಬೆಳಿಗ್ಗೆಯೇ ಬರೆದರೆ ನಡೆಯುತ್ತಿತ್ತು. ಬೇಸತ್ತು ತಾನೇ ಬಿಟ್ಟುಹೋಗುತ್ತಾಳೆ ಎಂದು ಅವರ ಎಣಿಕೆ.

"ಶಿಕ್ಷೆ ಅಂತೆ," ಎಂದಳು ಅವಳು, ಖಾನೆ ಖಾಲಿ ಮಾಡುತ್ತಾ. "ಇಪ್ಪತ್ತು ವರ್ಷ ಆದ್ಮೇಲೆ ಮೊದಲ ಸಲ ನಾನೂ ನಮ್ಮನೆಯವರೂ ಒಂದೇ ಹೊತ್ತಿಗೆ ಮಲಗ್ತೀವಿ. ಸಾಹೇಬರಿಗೆ ಹೇಳ್ಬೇಡ, ವಾಪಸ್ ತಗೊಂಡುಬಿಟ್ಟಾರು."

ನಾನು ನನ್ನ ಮೇಜಿಗೆ ಹೋಗಿ ಅರ್ಜಿ ಬರೆದೆ. ಸಂಜೆಯ ಹೊತ್ತು, ಜೇನಿನ ದನಿ, ಕಾಗದ ಬರೆಯುವ ಅಭಿಮಾನಿಗಳು, ಎಲ್ಲವನ್ನೂ ಬಿಟ್ಟು ಬೆಳಗಿನ ಪಾಳಿ ಬೇಕೆಂದು ಕೇಳಿದೆ. ಆ ಪಾಳಿಯನ್ನು ಅದುವರೆಗೆ ಯಾರೂ ಕೇಳಿ ಪಡೆದಿರಲಿಲ್ಲ. ಕಾರಣ ಎಂಬ ಜಾಗದಲ್ಲಿ, "ಇಷ್ಟವಿದ್ದವರು ಹುಡುಕಿಕೊಂಡು ಹೋಗುತ್ತಾರೆ ಎಂದು ತಾವೇ ಹೇಳಿದ್ದೀರಿ," ಎಂದು ಬರೆದೆ. ಸಾಹೇಬರು ಅದನ್ನೂ ಓದದೆ ರುಜು ಹಾಕಿದರು.

ಮೊದಲ ದಿನ ನಾನು ಕಣ್ಣುಜ್ಜಿಕೊಂಡು ಒಳಹೋದಾಗ ಅವಳಾಗಲೇ ಪಟ್ಟಿ ಹಾಸಿಕೊಂಡು ಕೂತಿದ್ದಳು. ಬರುವ ದಾರಿಯಲ್ಲಿ ಕಿಟಕಿಗಳನ್ನು ನೋಡಿಕೊಂಡೇ ಬಂದಿದ್ದಳಂತೆ. ರಾತ್ರಿಪಾಳಿ ಮುಗಿಸುವ ನರ್ಸುಗಳ ಕೋಣೆ, ಬಸ್ ಡಿಪೋ, ಪತ್ರಿಕೆ ಕಟ್ಟು ಕಟ್ಟುವವರ ಶೆಡ್ಡು, ಎಲ್ಲ ಕಡೆ ದೀಪ, ಎಲ್ಲ ಕಡೆ ಮೂಲೆಯಲ್ಲೊಂದು ಟಿವಿ.

"ಅಡ್ಡಗೆರೆ ಅಲ್ಲ ಕಣೇ ಇದು. ಜನ ಇದ್ದಾರೆ. ಇವರ ಕೈ ಖಾಲಿ ಆಗೋ ಹೊತ್ತು ಯಾವುದು ಅಂತ ಯಾರೂ ಕೇಳಿಲ್ಲ, ಅಷ್ಟೇ."

ಐದೂವರೆಯ ಜಾಗ ಖಾಲಿಯಿತ್ತು. ಆ ಹೊತ್ತಿಗೆ ಪರದೆಯ ಮೇಲೆ ಬರೀ ಬಣ್ಣದ ಪಟ್ಟೆಗಳು ನಿಂತಿರುತ್ತಿದ್ದವು. ಅಲ್ಲಿ ಹಸಿರು ಶಾಯಿ ಇನ್ನೂ ಒದ್ದೆಯಾಗಿತ್ತು. ನಾನು ಓದಿದೆ, ನಕ್ಕೆ, ಓಡಿಹೋಗಿ ಕ್ಯಾಮೆರಾದ ಮುಂದೆ ಕೂತು ಸೀರೆ ಸರಿಮಾಡಿಕೊಂಡು ಹೇಳಿದೆ: "ಶುಭೋದಯ. ಇನ್ನು ಮುಂದೆ ದಿನವೂ ಇದೇ ಹೊತ್ತಿಗೆ, 'ಲಿಫ್ಟ್ ಕೆಟ್ಟಿದೆ'. ಮೊದಲ ಕಂತಿನಿಂದ."

ನಾನು ವಾಪಸು ಬರುವಷ್ಟರಲ್ಲಿ ಅವಳ ಮೇಜಿನ ಫೋನು ಹೊಡೆದುಕೊಂಡಿತು. ಅವಳು ಎತ್ತಿ ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ತಗಡಿನ ತಟ್ಟೆಗಳ ಸದ್ದು, ಹತ್ತಾರು ಗಂಡಸರ ಗಲಾಟೆ. ಮೊದಲ ಒಲೆಯ ಬ್ರೆಡ್ಡು ಇಳಿಸಿ ಬೇಕರಿಯವರೆಲ್ಲ ಕೂರುವ ಹೊತ್ತು ಅದು.

"ಏನೇ, ಇದು ಲಿಫ್ಟ್ ಕೆಡೋ ಕಂತು ಅಲ್ವಾ?" ಎಂದಿತು ಗಂಡನ ದನಿ.

"ಹೌದು ರೀ," ಎಂದಳು ಪಟ್ಟಿಯಮ್ಮ. "ಎಲ್ಲರನ್ನೂ ಕೂರಿಸ್ಕೊಂಡು ನೋಡಿ. ಇನ್ನು ದಿನಾ ಇದೇ ಹೊತ್ತಿಗೆ. ನಾನಿರೋ ತನಕ ಇದನ್ನ ಯಾರೂ ಅಲ್ಲಾಡಿಸಲ್ಲ."